ಕಾಲ್ದೆಸೆಯ ಇಟ್ಟಿಗೆಗಳು

ಬೆಳಗಿನ ಪ್ಯಾಸೆಂಜರ್ ನಿಟ್ಟೂರು ಸ್ಟೇಷನ್ ಬಿಟ್ಟು ಗುಬ್ಬಿಯ ಕಡೆ ಹೊರಳುವಷ್ಟರಲ್ಲಿ ಚನ್ನವೀರಯ್ಯ ಡಾಕ್ಟರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹಲವು ಸಲ ಹೇಳಿ, ಅಳಿಸಿ, ಮತ್ತೆ ಹೇಳಿಕೊಂಡಿದ್ದ. ಸ್ವಾಮಿ, ತೂಕ ಎತ್ತಿದವನು ನಾನು, ಅವಳಲ್ಲ. ಇಷ್ಟೇ. ಅವನ ಶಾಲೆಯ ಮೂರನೆಯ ಕ್ಲಾಸಿನ ಹುಡುಗ ಕೂಡ ಉಸಿರು ಕಟ್ಟದೆ ಒಪ್ಪಿಸುವಷ್ಟು ಸಣ್ಣ ಮಾತು. ಆದರೆ ನಾಲಿಗೆಯ ತುದಿಗೆ ಬರುವ ಹೊತ್ತಿಗೆ ಅದರ ಹಿಂದೆ ಮುಂದೆ ಬೇರೆ ಮಾತುಗಳು ಬಂದು ನಿಂತುಬಿಡುತ್ತಿದ್ದವು: ಲಿಂಗಪೂಜೆ ಆಗದೆ ಅವಳು ತೊಟ್ಟು ನೀರು ಮುಟ್ಟುವವಳಲ್ಲ ಸ್ವಾಮಿ, ನಮ್ಮ ಮನೆಯ ನಡಾವಳಿ ಹಾಗೆ, ಅವಳ ಸಂಕಟ ನೋಡಲಾರದೆ ಎರಡು ನಿಮಿಷದ ಮಟ್ಟಿಗೆ... ಈ ಮಾತುಗಳು ಸೇರಿದೊಡನೆ ತಪ್ಪು ತಪ್ಪಿನ ಹಾಗೆ ಕಾಣದೆ ಏನೋ ಒಂದು ಪುಣ್ಯದ ಕೆಲಸದ ಹಾಗೆ ಕಾಣುತ್ತಿತ್ತು. ಹಾಗೆ ಕಾಣುವುದು ಅವನಿಗೆ ಹಿತವಾಗಿತ್ತು. ಹಿತವಾಗಿದೆ ಎಂಬುದು ತಿಳಿದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಎಂಜಿನ್ನಿನ ಕಲ್ಲಿದ್ದಲ ಕಣವೊಂದು ಕಿಟಕಿಯಿಂದ ಹಾರಿ ಬಂದು ಬಿಳಿಯ ಶರ್ಟಿನ ತೋಳಿನ ಮೇಲೆ ಕೂತಿತು. ಬೆರಳಿನಿಂದ ಉಜ್ಜಿದ. ಅದು ಹೋಗುವ ಬದಲು ಉದ್ದಕ್ಕೆ ಹರಡಿತು. ಎದುರಿಗೆ ಹಲಸಿನ ಹಣ್ಣನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಊರಿನ ಮುದುಕ, ಉಜ್ಜಬಾರ್ದು ಮೇಷ್ಟ್ರೆ, ಊದ್ಬೇಕು ಎಂದ. ಚನ್ನವೀರಯ್ಯ ಆ ತೋಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಹೊರಗೆ ನೋಡಿದ.

ನಿನ್ನೆ ಡಾಕ್ಟರ್ ಶಿವರಾಮಯ್ಯ ಎಕ್ಸ್-ರೇ ಫಿಲಮನ್ನು ವಾರ್ಡಿನ ಕಿಟಕಿಗೆ ಹಿಡಿದು ನೋಡಿದ್ದರು. ಹೊರಗಿನ ಬೇವಿನ ಮರದ ಕೊಂಬೆಗಳು ಫಿಲಮಿನೊಳಗೆ ಹಾದು, ಯಾವುದು ಕೊಂಬೆ ಯಾವುದು ಮೂಳೆ ಎಂದು ಅವನಿಗೆ ಮೊದಲು ಗೊತ್ತಾಗಲಿಲ್ಲ. ಡಾಕ್ಟರು ಬೆರಳಿಟ್ಟು ತೋರಿಸಿದರು. ತೊಡೆಯ ಮೂಳೆಯ ಮೇಲಿನ ತುಂಡು, ಕೆಳಗಿನ ತುಂಡು. ಎರಡೂ ತುದಿಗೆ ತುದಿ ಕೂಡುವ ಬದಲು, ಇಕ್ಕಟ್ಟಿನ ಬೆಂಚಿನಲ್ಲಿ ಕೂತ ಇಬ್ಬರು ಹುಡುಗರ ಹಾಗೆ ಒಂದರ ಪಕ್ಕ ಒಂದು ಒತ್ತಿಕೊಂಡಿದ್ದವು. ಸುತ್ತ ಮಬ್ಬು ಬಿಳುಪು. ಅದು ಹೊಸ ಮೂಳೆಯಂತೆ, ಇನ್ನೂ ಹಸಿಯಂತೆ. ಈ ವಾರ ದಾಟಿದರೆ ಗಟ್ಟಿಯಾಗಿ ಕಾಲು ಎರಡು ಬೆರಳಿನಷ್ಟು ಗಿಡ್ಡವಾಗಿಯೇ ನಿಲ್ಲುತ್ತದಂತೆ. ಈಗಲಾದರೆ ಮತ್ತಿನ ಮದ್ದು ಕೊಟ್ಟು ಮಲಗಿಸಿ, ತಪ್ಪಾಗಿ ಕೂಡಿದ್ದನ್ನು ಕೈಯಿಂದಲೇ ಬಿಡಿಸಿ, ಮತ್ತೆ ತೂಕ ಕಟ್ಟಿ ಎಳೆಯಬಹುದು. ಇಷ್ಟು ಹೇಳಿ ಡಾಕ್ಟರು ಫಿಲಮನ್ನು ಇಳಿಸಿ, ಕಾಲ್ದೆಸೆಯಲ್ಲಿ ತೂಗುವ ಇಟ್ಟಿಗೆಗಳನ್ನು ಯಾರು ತೆಗೆಯುತ್ತಿದ್ದದ್ದು ಎಂದು ಕೇಳಿದರು. ಮಂಚದ ಮೇಲಿದ್ದ ಕರಿಬಸಮ್ಮ, ಗಂಡನ ಕಡೆ ತಿರುಗಿಯೂ ನೋಡದೆ, "ನಾನೇ ಸ್ವಾಮಿ. ನೋವು ತಡೀಲಾರ್ದೆ. ತಪ್ಪಾಯ್ತು" ಎಂದಳು. ಡಾಕ್ಟರು ಅವಳನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು. ಅವನು ಬೇವಿನ ಕೊಂಬೆಗಳನ್ನು ನೋಡುತ್ತಿದ್ದ. ಮಾತು ಕೇಳದ ಪೇಷಂಟಿಗೆ ಇನ್ನೊಂದು ಸಲ ಮುರಿದು ಕಟ್ಟುವ ಕೆಲಸ ನಾನು ಮಾಡುವುದಿಲ್ಲ, ನಾಳೆ ಮನೆಗೆ ಕರೆದುಕೊಂಡು ಹೋಗಿ, ಕುಂಟುತ್ತಾರೆ ಅಷ್ಟೆ, ಒಂದು ಚಪ್ಪಲಿಗೆ ಎತ್ತರದ ಅಟ್ಟೆ ಹಾಕಿಸಿ ಎಂದು ಡಾಕ್ಟರು ಮುಂದಿನ ಮಂಚಕ್ಕೆ ನಡೆದರು. ನೆಲದ ಮೇಲೆ ಕೂರುವುದಕ್ಕೆ ಆಗುತ್ತದೆಯೇ, ಬಿಂದಿಗೆ ಹೊರುವುದಕ್ಕೆ ಆಗುತ್ತದೆಯೇ ಎಂದು ಅವಳು ಅವರ ಬೆನ್ನಿಗೆ ಕೇಳಿದಳು. ಅವರಿಗೆ ಅದು ಕೇಳಿಸಿತೋ ಇಲ್ಲವೋ. ಅವನಿಗೆ ಕೇಳಿಸಿತು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದಿದ್ದ.

ಗುಬ್ಬಿಯಲ್ಲಿ ರೈಲು ನಿಂತಿತು. ಮೊಸರು ಮಾರುವ ಹೆಂಗಸರು ಹತ್ತಿ ಕಾಲಿಡಲು ಜಾಗವಿಲ್ಲದಂತಾಯಿತು. ಒಬ್ಬಳು ಅವನ ಮಂಡಿಗೆ ಬುಟ್ಟಿ ತಾಗಿಸಿ, ಕಾಲು ವಸಿ ಮಡಿಸ್ಕಳಿ ಸ್ವಾಮಿ ಎಂದಳು. ಅವನು ಮಡಿಸಿಕೊಂಡ. ಎಷ್ಟು ಸುಲಭವಾಗಿ ಮಡಿಚಿಕೊಂಡಿತು. ತನ್ನ ತೊಡೆಯನ್ನು ಪಂಚೆಯ ಮೇಲಿನಿಂದ ಅದುಮಿ ನೋಡಿದ. ಮಾಂಸದ ಆಳದಲ್ಲೆಲ್ಲೋ ಅದು ಇದೆ. ಮೈಯಲ್ಲೆಲ್ಲಾ ಉದ್ದನೆಯ ಮೂಳೆ ಅದೇ, ಅದರ ಸುತ್ತಲ ಮಾಂಸಖಂಡಗಳೇ ಎಲ್ಲಕ್ಕಿಂತ ಬಲ, ಅದೇ ಕಷ್ಟ ಎಂದು ಡಾಕ್ಟರು ಮೊದಲ ದಿನ ಹೇಳಿದ್ದರು. ಅಟ್ಟದಿಂದ ಹುಣಸೆಹಣ್ಣಿನ ಮಡಕೆ ಇಳಿಸಲು ಹೋಗಿ, ಏಣಿ ಜಾರಿ, ಕಲ್ಲು ಚಪ್ಪಡಿಯ ಮೇಲೆ ಬಿದ್ದು, ತೊಡೆ ನಡುವಿನಲ್ಲಿ ಇನ್ನೊಂದು ಮಂಡಿ ಇದ್ದ ಹಾಗೆ ಬಾಗಿಹೋಗಿದ್ದ ಕರಿಬಸಮ್ಮನನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿಕೊಂಡು ತಂದ ದಿನ ಅದು. ಮೂಳೆ ಮುರಿದ ಗಳಿಗೆಯಿಂದ ಆ ಮಾಂಸಖಂಡಗಳು ಎರಡು ತುಂಡುಗಳನ್ನೂ ಒಂದರ ಮೇಲೊಂದು ಎಳೆದುಕೊಳ್ಳುತ್ತವೆ, ಅವು ದಣಿಯುವುದಿಲ್ಲ, ನಿದ್ದೆ ಮಾಡುವುದಿಲ್ಲ, ಅದಕ್ಕೆ ನಮ್ಮ ತೂಕವೂ ಹಗಲೂ ರಾತ್ರಿ ಎಳೆಯುತ್ತಲೇ ಇರಬೇಕು. ಮೊಣಕಾಲಿನ ಕೆಳಗೆ ಉಕ್ಕಿನ ಸರಳೊಂದನ್ನು ಮೂಳೆಯ ಅಡ್ಡಕ್ಕೆ ತೂರಿಸಿ, ಅದರ ಎರಡು ಕಿವಿಗೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ಹಗ್ಗದ ಕೊನೆಗೆ ಗೋಣಿದಾರದಿಂದ ಬಿಗಿದ ಇಟ್ಟಿಗೆಗಳನ್ನು ಇಳಿಬಿಟ್ಟರು. ಮೈ ಕೆಳಕ್ಕೆ ಜಾರಿ ಬರಬಾರದೆಂದು ಮಂಚದ ಕಾಲ್ದೆಸೆಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿದರು. ತಲೆ ತಗ್ಗು, ಕಾಲು ಎತ್ತರ. ಊರಿನವರು ನೋಡಲು ಬಂದವರು, ಇದೇನು ಭಾವಿಗೆ ಕಟ್ಟಿದ ಹಾಗೆ ಕಟ್ಟವ್ರೆ ಎಂದು ಬೆರಗಾಗಿದ್ದರು. ಚನ್ನವೀರಯ್ಯ ಅವರಿಗೆ ಮಾಂಸಖಂಡ, ರಾಟೆ, ತೂಕ ಎಲ್ಲವನ್ನೂ ಪಾಠ ಮಾಡುವವನ ಹಾಗೆ ವಿವರಿಸಿ ಹೇಳುತ್ತಿದ್ದ. ಹೆಂಡತಿಯ ತಮ್ಮ ಅಪ್ಪಾಜಿ, ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುವವನು, ಆವತ್ತು ತಮ್ಮ ಕಡೆಯ ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋಗೋಣ, ಮೊಟ್ಟೆಯ ಲೋಳೆ ಸವರಿ ಬಿದಿರ ದಬ್ಬೆ ಹಾಕಿ ಕಟ್ಟುತ್ತಾರೆ, ಅಕ್ಕ ಮನೆಯಲ್ಲೇ ಇರಬಹುದು ಎಂದಿದ್ದ. ಇದೇನು ಕೋಳಿಯ ಕಾಲಲ್ಲ ಅಪ್ಪಾಜಿ ಎಂದು ಚನ್ನವೀರಯ್ಯ ಎಲ್ಲರೆದುರು ನಕ್ಕುಬಿಟ್ಟಿದ್ದ. ಆ ನಗೆ ಈಗ ರೈಲಿನ ಸದ್ದಿನೊಳಗಿಂದ ಕೇಳಿಸಿದಂತಾಗಿ ಕಿವಿ ಬಿಸಿಯಾಯಿತು.

ರೈಲಿನ ಗಾಲಿಗಳು ಹಳಿಯ ಸಂದಿ ದಾಟುವಾಗಿನ ಸದ್ದು ಅವನಿಗೆ ಚಿಕ್ಕಂದಿನಿಂದ ಷಟ್ಪದಿಯ ಹಾಗೇ ಕೇಳುತ್ತಿತ್ತು. ಅವನ ತಂದೆ ಸಂಜೆಯಾದರೆ ಪಡಸಾಲೆಯ ಕಂಬಕ್ಕೆ ಒರಗಿ ಶಿವಭಕ್ತರ ಕಥೆಗಳನ್ನು ರಾಗವಾಗಿ ಓದುವರು. ಹುಡುಗ ಚನ್ನವೀರಯ್ಯ ಅರ್ಥ ತಿಳಿಯುವ ಮೊದಲೇ ಆ ನಡಿಗೆಯನ್ನು ಮೈಗೆ ಹತ್ತಿಸಿಕೊಂಡಿದ್ದ. ಅವನಿಗೆ ಹಾಡಲು ಬರದು, ವ್ಯಾಖ್ಯಾನ ಮಾಡಲು ಬರದು. ಕೇಳುವುದು ಬರುತ್ತಿತ್ತು. ನಿಟ್ಟೂರಿನ ಮಠದಲ್ಲಿ ಸೋಮವಾರದ ಪುರಾಣಕ್ಕೆ ಮೇಷ್ಟ್ರು ಬಂದು ಎದುರಿಗೆ ಕೂತರೆ ಓದುವವರಿಗೆ ಇನ್ನೊಂದು ಗಂಟಲು ಬರುತ್ತದೆ ಎನ್ನುವರು. ಕಣ್ಣನ್ನು ಕಿತ್ತು ಕೊಟ್ಟವರು, ಮೈಯ ಮಾಂಸವನ್ನು ಕೊಯ್ದು ಕೊಟ್ಟವರು, ಮಗನನ್ನೇ ಬಡಿಸಿದವರು. ಅವರ ಕಥೆ ಬಂದಾಗ ಅವನ ಕಣ್ಣಲ್ಲಿ ನೀರು ಬರುವುದು ಎಲ್ಲರಿಗೂ ಗೊತ್ತು. ಹಿಂದಿನ ತಿಂಗಳು ಹಾಗೊಂದು ಸೋಮವಾರ, ಓದು ಮುಗಿದು ಪ್ರಸಾದ ಹಂಚುವಾಗ, ಮನೆಯಲ್ಲಿ ಹೇಗಿದ್ದಾರೆ ಎಂದು ಯಾರೋ ಕೇಳಿದರು. ಕಾಲಿಗೆ ಸರಳು ತೂರಿಸಿದ್ದರೂ ಎರಡು ಹೊತ್ತೂ ಎದ್ದು ಕೂತು ಲಿಂಗಪೂಜೆ ಮಾಡದೆ ಬಾಯಿಗೆ ಒಂದು ಅಗುಳು ಹಾಕುವುದಿಲ್ಲ ಎಂದು ಅವನು ಹೇಳಿದ. ಹೇಳುವಾಗ ದನಿ ತಾನೇ ತಗ್ಗಿತ್ತು. ಕೇಳಿದವರು ಶರಣೆ ಎಂದರು, ಸಾಕ್ಷಾತ್ ಶರಣೆ ಎಂದರು. ಆ ರಾತ್ರಿ ಮನೆಗೆ ಬಂದಾಗ ಒಂಟಿ ಮನೆ ಅವನಿಗೆ ಬಿಕೋ ಎನ್ನಲಿಲ್ಲ. ಎರಡು ಹೊತ್ತೂ ಎದ್ದು ಕೂತು ಎಂದನೇ ಹೊರತು ಎಬ್ಬಿಸಿ ಕೂರಿಸಿದವರು ಯಾರು ಎಂದು ಹೇಳಿರಲಿಲ್ಲ. ಬೇಸಿಗೆ ರಜ. ಬೆಳಿಗ್ಗೆ ತನ್ನ ಪೂಜೆ ಮುಗಿಸಿ ಬಸ್ಸಿಗೆ ಹೊರಟು, ನರ್ಸು ತಿಂಡಿಗೆ ಹೋಗುವ ಹೊತ್ತಿಗೆ ವಾರ್ಡು ತಲುಪಿ, ಬಾಗಿಲ ಕಡೆ ಒಮ್ಮೆ ನೋಡಿ, ಇಟ್ಟಿಗೆಗಳನ್ನು ಎತ್ತಿ ಸ್ಟೂಲಿನ ಮೇಲೆ ಇಡುತ್ತಿದ್ದ. ಬಿಗಿದಿದ್ದ ಹಗ್ಗ ಸಡಿಲಾಗಿ ಜೋಲುತ್ತಿತ್ತು. ಕಂಕುಳಿಗೆ ಕೈ ಕೊಟ್ಟು ಅವಳನ್ನು ಎಬ್ಬಿಸಿ ಬೆನ್ನಿಗೆ ದಿಂಬು ಒಟ್ಟುತ್ತಿದ್ದ. ಅವಳು ಮೊದಲ ದಿನ, ಬ್ಯಾಡ ಬುಡಿ, ಡಾಕ್ಟ್ರು ಹೇಳವ್ರೆ ಎಂದಿದ್ದಳು. ನಾಲ್ಕು ಜಾತಿಯವರ ಎದುರಿಗೆ ಪೂಜೆಯಿಲ್ಲದೆ ಉಣ್ಣುವುದು ಹೇಗೆ ಎಂದು ಅವನು ಕೇಳಿದ್ದ. ಅವಳು ಕೊರಳ ಲಿಂಗಕ್ಕೆ ಕೈ ಹಾಕಿದ್ದಳು. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತ ಅವಳ ಹಣೆಯಲ್ಲಿ ವಿಭೂತಿ ಒದ್ದೆಯಾಗುವಷ್ಟು ಬೆವರು ಹರಿಯುತ್ತಿತ್ತು, ತುಟಿ ಬಿಳಿಚುತ್ತಿತ್ತು, ಕಣ್ಣು ಎಲ್ಲೋ ನೆಟ್ಟಿರುತ್ತಿತ್ತು. ಅದನ್ನೇ ಅವನು ಭಕ್ತಿ ಎಂದು ಓದಿಕೊಂಡಿದ್ದ.

ತುಮಕೂರಿನಲ್ಲಿ ಇಳಿದಾಗ ಇನ್ನೂ ಬಿಸಿಲು ಏರಿರಲಿಲ್ಲ. ಶಿರಾ ಗೇಟಿನ ಕಡೆ ಹೋಗುವ ಜಟಕಾ ಹಿಡಿದು, ಲಾರಿ ರಿಪೇರಿಯ ಶೆಡ್ಡುಗಳ ಹತ್ತಿರ ಇಳಿದು ಆಸ್ಪತ್ರೆಯ ಓಣಿಗೆ ನಡೆದ. ಮುಂದೆ ಒಬ್ಬ ಹೆಂಗಸು ತಲೆಯ ಮೇಲೆ ಸೌದೆಯ ಹೊರೆ ಹೊತ್ತು ಹೋಗುತ್ತಿದ್ದಳು. ಅವಳ ಹೆಜ್ಜೆ ಸರಿಯಾಗಿಯೇ ಇತ್ತು. ಅವನಿಗೆ ಮಾತ್ರ ಅದು ಒಂದು ಉದ್ದ ಒಂದು ಗಿಡ್ಡವಾಗಿ ಕೇಳತೊಡಗಿತು. ಗುರು, ಲಘು. ಗುರು, ಲಘು. ನಾಳೆ ತನ್ನ ಮನೆಯ ಚಪ್ಪಡಿಯ ಮೇಲೆ, ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಅಡುಗೆಮನೆಗೆ ಈ ಸದ್ದು ಓಡಾಡುತ್ತದೆ. ತಾನು ಕಂಬಕ್ಕೆ ಒರಗಿ ಕೇಳುತ್ತಾ ಕೂತಿರುತ್ತೇನೆ. ಕೇಳುವುದೊಂದು ತನಗೆ ಬರುತ್ತದೆ. ಇವತ್ತು ಡಾಕ್ಟರಿಗೆ ಹೇಳಿದರೆ ಆ ಕಾಲು ಉಳಿಯಬಹುದು. ಹೇಳದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅಪ್ಪಾಜಿ ತರುವ ಬಾಡಿಗೆ ವ್ಯಾನಿನಲ್ಲಿ ಅವಳನ್ನು ಮಲಗಿಸಿಕೊಂಡು ಹೋಗುವುದು, ಅಷ್ಟೆ. ಯಾರೂ ಅವನನ್ನು ಏನೂ ಕೇಳುವುದಿಲ್ಲ. ಮಠದಲ್ಲಿ, ಪಾಪ ಶರಣೆಗೆ ಹೀಗಾಗಬಾರದಿತ್ತು ಎನ್ನುತ್ತಾರೆ. ಓಣಿಯ ಹೋಟೆಲಿನವನು ನೀರು ಚೆಲ್ಲಿದ್ದು ಪಂಚೆಯ ಅಂಚಿಗೆ ಸಿಡಿಯಿತು. ಅವನು ನಿಂತು, ಹೋಟೆಲಿನವನು ಕ್ಷಮೆ ಕೇಳಲೆಂದು ಕಾದ. ಆತ ಇತ್ತ ನೋಡಲೇ ಇಲ್ಲ.

ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳ ಮಂಚ ಕಂಡಿತು. ಕರಿಬಸಮ್ಮ ತಲೆ ತಗ್ಗು ಕಾಲು ಎತ್ತರವಾಗಿ, ಇದ್ದ ಹಾಗೆಯೇ ಮಲಗಿದ್ದಳು. ಎಡಗೈ ಎದೆಯ ಮೇಲಿತ್ತು. ಅಂಗೈಯಲ್ಲಿ ಲಿಂಗ. ಮೇಲೆ ಒಂದು ಕಣಗಿಲೆ ಹೂ, ಆಸ್ಪತ್ರೆಯ ಕಾಂಪೌಂಡಿನಲ್ಲಿ ಬೆಳೆಯುವ ಮಾಸಲು ಗುಲಾಬಿ ಬಣ್ಣದ್ದು. ಗಲ್ಲವನ್ನು ಎದೆಗೆ ಒತ್ತಿ ಅವಳು ಅದನ್ನೇ ನೋಡುತ್ತಿದ್ದಳು. ಉಸಿರಾಡಿದಾಗ ಕೈ, ಲಿಂಗ, ಹೂ ಮೂರೂ ಏರಿ ಇಳಿಯುತ್ತಿದ್ದವು. ತುಟಿ ಅಲುಗುತ್ತಿತ್ತು. ಬೆವರಿರಲಿಲ್ಲ. ಮುಖ ಸಲೀಸಾಗಿತ್ತು, ಹಿತ್ತಿಲಲ್ಲಿ ಒಬ್ಬಳೇ ಕೂತು ಅವರೆಕಾಯಿ ಬಿಡಿಸುವಾಗ ಇರುತ್ತಿದ್ದ ಹಾಗೆ. ಕಾಲ್ದೆಸೆಯಲ್ಲಿ ಇಟ್ಟಿಗೆಗಳು ನೆಲ ಮುಟ್ಟದೆ, ಅಲುಗದೆ, ತಮ್ಮ ಕೆಲಸ ತಾವು ಮಾಡುತ್ತಾ ತೂಗುತ್ತಿದ್ದವು. ಚನ್ನವೀರಯ್ಯನಿಗೆ ಒಳಗೆ ಕಾಲಿಡಲಾಗಲಿಲ್ಲ. ಬೇರೆ ಯಾರದೋ ಬಚ್ಚಲಿನ ಬಾಗಿಲು ತೆರೆದು ನೋಡಿದವನಂತೆ ಹಿಂದಕ್ಕೆ ಸರಿದು ವರಾಂಡದ ಗೋಡೆಗೆ ಒರಗಿದ.

ಪಕ್ಕದ ಮಂಚದ ದೊಡ್ಡಗಂಗಮ್ಮ ಲೋಟದ ನೀರು ಚೆಲ್ಲಲು ಹೊರಗೆ ಬಂದಳು. ಗುಬ್ಬಿ ಕಡೆಯ ಹೆಂಗಸು, ಎಮ್ಮೆ ಎಳೆದು ಬಿದ್ದು ಬಲಗೈ ಮುರಿದುಕೊಂಡಿದ್ದಳು. ಮೊಣಕೈ ತನಕ ಪ್ಲಾಸ್ಟರು, ಕತ್ತಿಗೆ ಜೋಲಿ.

"ಏನ್ ಮೇಷ್ಟ್ರೆ, ಇವತ್ತು ಕೋಳಿ ಜತೇಲೇ ಎದ್ಬಂದಂಗದೆ" ಎಂದಳು. "ಹೋಗಿ ಒಳೀಕೆ. ಮುಗೀತು ತಾಯಿ ಪೂಜೆ."

"ಇವತ್ತು ಬೇಗ ಮಾಡಿದ್ಳಾ?"

"ದಿನಾ ಇದೇ ಹೊತ್ತೇ. ನಾನೇ ಹೂವ ಕಿತ್ಕೊಡೋದು, ಒಂದು ಲೋಟ ನೀರು ಕೊಡೋದು. ಮಲಗಿದ್ದಂಗೆ ಮಾಡ್ತಾರೆ, ನೋಡಾಕೇ ಚೆಂದ."

"ಮತ್ತೆ ನಾನು ಬಂದ್ಮೇಲೆ..."

"ಅದಾ," ಎಂದು ದೊಡ್ಡಗಂಗಮ್ಮ ಲೋಟವನ್ನು ಕೆಳಮುಖವಾಗಿ ಒಮ್ಮೆ ಒದರಿದಳು. "ಅದು ನಿಮ್ ಪೂಜೆ ಅನ್ಕಂಡಿದ್ದೆ ನಾನು."

ಅವಳಿಗೆ ಚುಚ್ಚಬೇಕೆಂಬ ಮನಸ್ಸೇನೂ ಇರಲಿಲ್ಲ. ಹೇಳಿ ಒಳಗೆ ಹೋದಳು. ಅವನು ಅಲ್ಲೇ ನಿಂತಿದ್ದ. ರೈಲಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೊಂದೇ ಉದುರಿ ಬಿದ್ದವು. ಪೂಜೆಯಿಲ್ಲದೆ ತೊಟ್ಟು ನೀರು ಮುಟ್ಟುವವಳಲ್ಲ ಎಂಬುದು ನಿಜವೇ. ಅವಳು ಮುಟ್ಟುತ್ತಿರಲಿಲ್ಲ. ಪೂಜೆಯನ್ನು ತನ್ನ ಪಾಡಿಗೆ ತಾನು ಮುಗಿಸಿ, ಹಸಿದುಕೊಂಡು ಅವನಿಗಾಗಿ ಕಾದಿರುತ್ತಿದ್ದಳು. ಅವನು ಬಂದು ಹಗ್ಗ ಸಡಿಲಿಸಿ ಎಬ್ಬಿಸಿ ಕೂರಿಸಿದರೆ, ಮುಗಿದ ಪೂಜೆಯನ್ನು ಇನ್ನೊಮ್ಮೆ, ಮೂಳೆಯ ಮೇಲೆ ಮೂಳೆ ಹತ್ತುತ್ತಿರುವಾಗ, ಅವನ ಕಣ್ಣಿಗೆ ಕಾಣುವ ಹಾಗೆ ಮಾಡುತ್ತಿದ್ದಳು. ಇಷ್ಟು ದಿನ ಬೆಳಿಗ್ಗೆ ಸಂಜೆ ಅವನು ಕೈ ಮುಗಿದು ನೋಡುತ್ತಿದ್ದದ್ದು ಶಿವನಿಗೆ ಸಂದದ್ದಲ್ಲ. ತನಗೆ ಸಂದದ್ದು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ. ವಿಭೂತಿ ಕರಗಿ ಕಣ್ಣಿಗಿಳಿದು ಉರಿಯಿತು.

ಒಳಗೆ ಹೋದಾಗ ಅವಳು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಬೆಳ್ಳಿಯ ಕರಡಿಗೆಗೆ ಸೇರಿಸಿ, ಕೊರಳ ದಾರ ಸರಿಮಾಡಿಕೊಳ್ಳುತ್ತಿದ್ದಳು. ಅವನನ್ನು ಕಂಡೊಡನೆ ಹಣೆಯ ವಿಭೂತಿಯನ್ನು ಸೆರಗಿನಿಂದ ಒರೆಸಿಕೊಂಡಳು. ಒರೆಸಿಕೊಂಡಳು! ಇನ್ನೂ ಪೂಜೆ ಆಗಿಲ್ಲ ಎಂದು ಅವನು ತಿಳಿಯಲೆಂದು. ಈಗ ಬಂದ್ರಾ ಎಂದು ಕೇಳುತ್ತಾ ಎರಡು ಮೊಣಕೈಗಳನ್ನೂ ಹಿಂದಕ್ಕೆ ಊರಿ ಏಳಲು ಸಿದ್ಧಳಾದಳು. ಅವಳ ಕಣ್ಣು ಸ್ಟೂಲಿನ ಕಡೆ ಹೋಯಿತು. ಅವನು ಬೇಡ ಎಂದು ಹೇಳಬೇಕೆಂದಿದ್ದ. ತಲೆಯನ್ನಷ್ಟೇ ಅಡ್ಡಡ್ಡ ಆಡಿಸಿದ.

"ಯಾಕೆ?" ಎಂದಳು.

"ಆಯ್ತಲ್ಲ ಆಗ್ಲೆ. ಬಾಗಿಲಲ್ಲಿ ನೋಡ್ದೆ."

ಕರಿಬಸಮ್ಮನ ಕಿವಿಯ ಬುಡ ಕೆಂಪಾಯಿತು. ಕದ್ದು ತಿಂದವಳು ಸಿಕ್ಕಿಬಿದ್ದ ಹಾಗೆ ಸೆರಗನ್ನು ಬಾಯಿಗೆ ತಂದುಕೊಂಡಳು. ನಿಮಗೆ ಬೇಜಾರಾಗ್ತದೆ ಅಂತ ಎಂದು ಅಷ್ಟೇ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ನಾಚಿಕೆ ಪಡಬೇಕಾದವನು ನಾನು ಎಂದು ಅವನಿಗೆ ತಿಳಿಯುತ್ತಿತ್ತು; ಅದನ್ನು ಕೂಡ ಅವಳೇ ಪಟ್ಟುಕೊಂಡು ಅವನಿಗೆ ಉಳಿಸಿರಲಿಲ್ಲ. ಇಪ್ಪತ್ತು ವರ್ಷಗಳ ಸಂಸಾರದಲ್ಲಿ ಹೀಗೆ ಇನ್ನೆಷ್ಟನ್ನು ಎರಡು ಸಲ ಮಾಡಿದ್ದಾಳೆ, ಒಮ್ಮೆ ತನ್ನ ಪಾಡಿಗೆ, ಇನ್ನೊಮ್ಮೆ ಅವನಿಗಾಗಿ? ಅವನು ಊಟಕ್ಕೆ ಕೂತು ಹೇಳುವಾಗ ಅವಳು ಎದುರಿಗೆ ನಿಂತು ಕೇಳುತ್ತಿದ್ದ ಪುರಾಣದ ಕಥೆಗಳು; ಪ್ರತಿ ಸೋಮವಾರವೂ ಹೊಸದಾಗಿ ಕೇಳುವವಳ ಹಾಗೆ, ಆಮೇಲೇನಾಯಿತು ಎನ್ನುತ್ತಿದ್ದಳು.

ಅಷ್ಟರಲ್ಲಿ ಅಪ್ಪಾಜಿ ಬಂದ. ಕುಣಿಗಲ್ಲಿನ ಮೊದಲ ಬಸ್ಸಿಗೆ ಹೊರಟು ಬಂದಿದ್ದ ಅವನ ಅಂಗಿಯಲ್ಲಿ ಇನ್ನೂ ಲಾಯದ ಹುಲ್ಲಿನ ವಾಸನೆ ಇತ್ತು. ವ್ಯಾನಿನವನು ಹನ್ನೊಂದಕ್ಕೆ ಬರುತ್ತಾನೆ ಎಂದ. ಅಕ್ಕನ ಮುಖ ನೋಡಿ, ಏನೋ ನಡೆದಿದೆ ಎಂದು ತಿಳಿದು, ನಗಿಸಬೇಕೆಂದು ಮಂಚದ ಕಂಬಿ ತಟ್ಟಿದ.

"ನೀನು ಪುಣ್ಯವಂತೆ ಕಣಕ್ಕಾ. ನಮ್ ಫಾರಮ್ಮಲ್ಲಿ ಕುದ್ರೆಯಾಗಿ ಹುಟ್ಟಿ ತೊಡೆ ಮುರ್ಕೊಂಡಿದ್ರೆ ಇಷ್ಟೊತ್ಗೆ ಫಾರಮ್ ದೊರೆ ಗುಂಡು ಹೊಡ್ಸಿ ಹೂತಾಕಿರೋನು."

"ನನ್ ಬೆಲೆ ಕುದ್ರೆಯಷ್ಟೆಲ್ಲಿ ಬತ್ತದೆ ಬುಡು" ಎಂದಳು ಅವಳು ಗೋಡೆಯ ಕಡೆಯಿಂದಲೇ.

ದೊಡ್ಡಗಂಗಮ್ಮ ನಕ್ಕಳು. ಚನ್ನವೀರಯ್ಯನೂ ನಗಲು ಹೋದ. ಭಾವ, ಮನೆಗೆ ಯಾಕೆ, ನೇರ ಕುಣಿಗಲ್ಲಿಗೇ ಕರೆದುಕೊಂಡು ಹೋಗೋಣ, ಅಲ್ಲಿ ಕಟ್ಟುವವರ ಕೈಗೆ ಕೊಡೋಣ ಎಂದು ಅಪ್ಪಾಜಿ ಮೆಲ್ಲಗೆ ಹೇಳಿದ. ಈ ಸಲ ಅವನು ಒತ್ತಾಯ ಮಾಡುತ್ತಿರಲಿಲ್ಲ, ಕೇಳಿಕೊಳ್ಳುತ್ತಿದ್ದ. ಕೋಳಿಯ ಕಾಲಿನ ಮಾತು ಇಬ್ಬರ ನಡುವೆ ನಿಂತಿತ್ತು. ಅಪ್ಪಾಜಿ ಅದನ್ನು ಎತ್ತಲಿಲ್ಲ.

ಡಾಕ್ಟರು ರೌಂಡ್ಸಿಗೆ ಬಂದರು. ಹಿಂದೆ ನರ್ಸು. ಬಾಗಿಲ ಹತ್ತಿರದ ಮಂಚ, ಕಿಟಕಿಯ ಮಂಚ, ದೊಡ್ಡಗಂಗಮ್ಮನ ಬೆರಳು ಅಲುಗಿಸಿ ನೋಡಿದ್ದು. ಅವರು ಹತ್ತಿರವಾದಂತೆಲ್ಲಾ ಚನ್ನವೀರಯ್ಯ ರೈಲಿನಲ್ಲಿ ಕಟ್ಟಿದ ಮಾತಿನ ಮೊದಲ ಪದವನ್ನೇ ಹುಡುಕುತ್ತಿದ್ದ. ಇನ್ಸ್‌ಪೆಕ್ಟರು ಶಾಲೆಗೆ ಬಂದಾಗ ತಾನೇ ಕಲಿಸಿದ ಮಗ್ಗಿಯನ್ನು ಹುಡುಗರು ಮರೆಯುವುದನ್ನು ಅವನು ನೋಡಿದ್ದ, ಆಮೇಲೆ ಅವರ ಕೈಗೆ ಬೆತ್ತದಿಂದ ಹೊಡೆದಿದ್ದ. ಡಾಕ್ಟರು ಕರಿಬಸಮ್ಮನ ಮಂಚಕ್ಕೆ ಬಂದು ಚೀಟಿ ನೋಡಿ, ಇವತ್ತು ಹೊರಡೋದಲ್ವಾ ಎಂದರು. ಅವಳು ಹೂಂ ಎಂದಳು. ನರ್ಸು ಹಗ್ಗ ಕತ್ತರಿಸಲು ಕತ್ತರಿ ತೆಗೆದುಕೊಂಡಳು.

"ಸ್ವಾಮಿ," ಎಂದ ಚನ್ನವೀರಯ್ಯ. "ತೂಕ ಎತ್ತಿಡ್ತಾ ಇದ್ದಿದ್ದು ನಾನು."

ವಾರ್ಡಿನಲ್ಲಿ ಯಾರೋ ಕೆಮ್ಮುತ್ತಿದ್ದವರು ನಿಲ್ಲಿಸಿದರು. ಕರಿಬಸಮ್ಮ ಗೋಡೆಯ ಕಡೆಯಿಂದ ಮುಖ ತಿರುಗಿಸಿ ಅವನನ್ನು ನೋಡಿದಳು, ಭಯಪಟ್ಟವಳ ಹಾಗೆ. ಡಾಕ್ಟರು ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು.

"ಗೊತ್ತು ಮೇಷ್ಟ್ರೆ" ಎಂದರು. "ತಲೆ ತಗ್ಗಾಗಿ ಮಲಗಿರೋರಿಗೆ ಕಾಲ್ದೆಸೆ ಇಟ್ಟಿಗೆ ಎಟುಕುತ್ತಾ?"

ಅವನು ಇಟ್ಟಿಗೆಗಳ ಕಡೆ ನೋಡಿದ. ಮಂಚದ ಉದ್ದವನ್ನು ನೋಡಿದ. ಮಕ್ಕಳಿಗೂ ತಿಳಿಯುವ ಲೆಕ್ಕ. ನಿನ್ನೆ ಅವಳು ನಾನೇ ಎಂದಾಗ ಇಡೀ ವಾರ್ಡಿಗೆ ಅದು ಸುಳ್ಳೆಂದು ತಿಳಿದಿತ್ತು. ನರ್ಸಿಗೆ, ದೊಡ್ಡಗಂಗಮ್ಮನಿಗೆ, ಬಾಗಿಲ ಹತ್ತಿರದ ಮುದುಕಿಗೆ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು, ಅವನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುವುದನ್ನು ನೋಡಿದ್ದರು. ಈ ಸಣ್ಣ ಮಾತನ್ನು ರೈಲಿನುದ್ದಕ್ಕೂ ಹೊತ್ತು ತಂದದ್ದು, ಎಲ್ಲರಿಗೂ ತಿಳಿದ ಸುದ್ದಿಯನ್ನು ಉಸಿರುಗಟ್ಟಿ ಓಡಿ ಬಂದು ಹೇಳಿದವನ ಹಾಗಾಯಿತು.

"ನೀವು ಹೇಳ್ಲಿ ಅಂತಿದ್ದೆ. ಹೇಳ್ದೆ ಇದ್ರೆ ನಾನು ಇನ್ನೊಂದ್ಸಲ ಕಟ್ಟೋದು, ನೀವು ಇನ್ನೊಂದ್ಸಲ ಎತ್ತೋದು," ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾಕ್ರೀ ಎತ್ತಿದ್ರಿ?"

ಅವಳ ಪೂಜೆಗೆ ಎಂಬ ಉತ್ತರ ಅಭ್ಯಾಸದಿಂದ ತುಟಿಯ ತನಕ ಬಂತು. ಕರಿಬಸಮ್ಮ ಅವನನ್ನೇ ನೋಡುತ್ತಿದ್ದಳು. ಅವನು ಹಾಗೆ ಹೇಳಿದ್ದರೆ ಅವಳು ಹೌದು ಎನ್ನುತ್ತಿದ್ದಳು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನನಗೆ ನೋಡ್ಬೇಕಿತ್ತು ಸ್ವಾಮಿ" ಎಂದ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಲೂ ಇಲ್ಲ. ಕರಿಬಸಮ್ಮನ ಕಡೆ ತಿರುಗಿ, ಏನಾದರೂ ತಿಂದಿದ್ದೀರಾ ಎಂದರು. ಇಲ್ಲ ಸ್ವಾಮಿ, ಇವರು ಬರ್ಲಿ ಅಂತ ಎಂದಳು. ಒಳ್ಳೇದೇ ಆಯಿತು, ಖಾಲಿ ಹೊಟ್ಟೆಯೇ ಬೇಕು, ಈಗಲೇ ಥಿಯೇಟರಿಗೆ ಒಯ್ಯೋಣ, ಹಸಿ ಇರುವಾಗಲೇ ಬಿಡಿಸಿ ನೋಡೋಣ, ಪೂರ್ತಿ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ ಎಂದು ನರ್ಸಿಗೆ ಏನೇನೋ ಹೇಳುತ್ತಾ ಅವರು ಹೊರಟುಹೋದರು. ಅಪ್ಪಾಜಿ ಮಂಚದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ. ಅವನು ಬೈಯಬಹುದು ಎಂದು ಚನ್ನವೀರಯ್ಯ ಕಾದ. ಕೋಳಿಯ ಕಾಲನ್ನಾದರೂ ಎತ್ತಲಿ ಎಂದುಕೊಂಡ. ವ್ಯಾನಿನವನಿಗೆ ಬೇಡ ಅಂತ ಹೇಳಿ ಬರ್ತೀನಿ ಎಂದು ಅಪ್ಪಾಜಿ ಹೊರಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಕಣ್ಣು ಕೆಂಪು ಮಾಡಿಕೊಂಡು ಬಂದು ಸ್ಟ್ರೆಚರಿನ ತಲೆದೆಸೆಯನ್ನು ಹಿಡಿದ.

ನರ್ಸು ಬಗ್ಗಿ ಕಾಲಿನ ಸರಳಿನ ಎರಡು ಕಿವಿಗಳನ್ನೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಳು. "ಮೇಷ್ಟ್ರೆ, ಆ ತೂಕ ಬಿಚ್ಚಿ ಎತ್ಕೊಳ್ಳಿ. ನಿಮಗೆ ಅಭ್ಯಾಸ ಇದೆಯಲ್ಲ" ಎಂದಳು. ಅವಳು ಕೆಲಸದ ಗಡಿಬಿಡಿಯಲ್ಲಿದ್ದಳು, ಮಾತಿಗೆ ಮೊನೆಯಿರಲಿಲ್ಲ. ಚನ್ನವೀರಯ್ಯ ಮಂಡಿಯೂರಿ ಹಗ್ಗದ ಕೊಂಡಿ ಬಿಡಿಸಿದ. ಕೈಗೆ ಆ ಭಾರದ ಗುರುತಿತ್ತು. ಗೋಣಿದಾರ ಎಲ್ಲಿ ಬೆರಳಿಗೆ ಕೊರೆಯುತ್ತದೆ, ಯಾವ ಇಟ್ಟಿಗೆಯ ಮೂಲೆ ಒಡೆದಿದೆ, ಎಲ್ಲ ಗೊತ್ತಿತ್ತು. ಎದೆಗೊತ್ತಿಕೊಂಡು ಎದ್ದು ನಿಂತ. ಅವಳನ್ನು ಸ್ಟ್ರೆಚರಿಗೆ ಸರಿಸಿದರು. ಅವಳು ಕೂಗಲಿಲ್ಲ. ಕೊರಳಲ್ಲಿ ಕೈಯಲ್ಲಿ ಇರುವುದೆಲ್ಲಾ ತೆಗೆದುಕೊಡಿ ಎಂದಳು ನರ್ಸು.

ಮೊದಲ ಸಲ ಸರಳು ತೂರಿಸುವ ದಿನ ಇದೇ ಮಾತಿಗೆ ಚನ್ನವೀರಯ್ಯ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಜಗಳವಾಡಿದ್ದ. ಜೀವ ಹೋದರೂ ಲಿಂಗ ಮೈಯಿಂದ ಅಗಲಬಾರದು ಎಂದಿದ್ದ, ಜೀವ ಅವಳದಾಗಿತ್ತು. ಕೊನೆಗೆ ಕರಡಿಗೆಯನ್ನು ಅವಳ ತೋಳಿಗೆ ಬಿಗಿದು ಒಳಗೆ ಕಳಿಸಿದ್ದರು. ಈಗ ಕರಿಬಸಮ್ಮ ತಾನಾಗಿಯೇ ಕೊರಳ ದಾರ ಬಿಚ್ಚಿದಳು. ಕರಡಿಗೆಯನ್ನು ಹಣೆಗೊತ್ತಿಕೊಂಡು, ಕೊಡಲು ಕೈ ಚಾಚಿ ಗಂಡನ ಕಡೆ ನೋಡಿದಳು. ಅವನ ಎರಡು ಕೈಯ ತುಂಬಾ ಇಟ್ಟಿಗೆಗಳಿದ್ದವು. ಅವಳ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಆಚೆ ಕಡೆಗೆ ತಿರುಗಿತು.

"ಗಂಗಮ್ಮಕ್ಕ, ವಸಿ ಇಟ್ಕೊಂಡಿರ್ತೀಯಾ? ಬಂದು ಇಸ್ಕೊತೀನಿ."

ದೊಡ್ಡಗಂಗಮ್ಮ ಎಡಗೈಯನ್ನು ಸೀರೆಗೆ ಒರೆಸಿಕೊಂಡಳು. ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ಅಂಗೈ ಚಾಚಿದಳು. ಹೋಗ್ಬಾ ನನ್ನವ್ವ ಎಂದಳು. ಚನ್ನವೀರಯ್ಯ ಅದನ್ನು ನೋಡುತ್ತಾ ನಿಂತಿದ್ದ. ಸ್ಟ್ರೆಚರಿನ ಒಂದು ಚಕ್ರ ಸರಿಯಾಗಿ ತಿರುಗುತ್ತಿರಲಿಲ್ಲ. ವರಾಂಡದ ಉದ್ದಕ್ಕೂ ಅದು ಒಂದು ಉದ್ದ ಒಂದು ಗಿಡ್ಡವಾಗಿ ಸದ್ದು ಮಾಡುತ್ತಾ ಹೋಗಿ, ಎಲ್ಲೋ ಒಂದು ಬಾಗಿಲು ಮುಚ್ಚಿದ ಮೇಲೆ ನಿಂತಿತು. ಅವನು ಇನ್ನೂ ಕೇಳುತ್ತಿದ್ದ.

"ಕೆಳಗಿಡಿ ಮೇಷ್ಟ್ರೆ, ಭಾರ" ಎಂದಳು ದೊಡ್ಡಗಂಗಮ್ಮ. ಅವಳ ಮುಚ್ಚಿದ ಅಂಗೈ ಎದೆಯ ಮೇಲಿತ್ತು.

ಅವನು ಸುತ್ತ ನೋಡಿದ. ಇಡಲು ಅಲ್ಲಿ ಆ ಸ್ಟೂಲಿನ ಹೊರತು ಬೇರೇನೂ ಇರಲಿಲ್ಲ.